ಎಣಿಕೆಗೆ ಮೊದಲೇ ಎಣಿಸಿಬಿಟ್ಟವರು

ಸಣ್ಣ ನಗರದಲ್ಲಿ ಒಬ್ಬರ ಓಟು ಯಾರಿಗೆ ಎಂಬುದನ್ನು ಅವರನ್ನೇ ಕೇಳಿ ತಿಳಿದುಕೊಳ್ಳುವ ಪದ್ಧತಿ ಇಲ್ಲ. ಮನೆತನ ಯಾವುದು, ಕೇರಿ ಯಾವುದು, ಸಂಜೆ ಹೊತ್ತು ಯಾರ ಅಂಗಡಿ ಮುಂದೆ ನಿಂತು ಮಾತಾಡುತ್ತಾರೆ, ಮಗಳ ಮದುವೆಗೆ ಯಾವ ಮುಖಂಡರು ಬಂದು ಅಕ್ಷತೆ ಹಾಕಿದರು, ಇಷ್ಟು ಗೊತ್ತಿದ್ದರೆ ‘ಅವರು ಆ ಪಾರ್ಟಿಯವರು’ ಎಂದು ಊರು ತೀರ್ಮಾನಿಸಿಬಿಡುತ್ತದೆ. ಅದರಲ್ಲಿ ದ್ವೇಷವೇನೂ ಇರುವುದಿಲ್ಲ, ಬಹಳ ಕಾಲ ಜೊತೆಗಿದ್ದವರ ಸಲುಗೆ ಇರುತ್ತದೆ. ಆದರೂ ಒಬ್ಬ ಮನುಷ್ಯನ ಒಲವು ನಮಗೆ ಗೊತ್ತು ಎಂದುಕೊಂಡ ಕ್ಷಣದಲ್ಲೇ ಅವನು ಏನು ಯೋಚಿಸುತ್ತಿದ್ದಾನೆ ಎಂಬ ಕುತೂಹಲವೂ ನಮ್ಮಲ್ಲಿ ನಿಂತುಹೋಗುತ್ತದಲ್ಲ, ಅದು ನನ್ನನ್ನು ಕಾಡುತ್ತದೆ.

ಚಿಕ್ಕಮಗಳೂರನ್ನೇ ನೋಡಿ. ತುರ್ತುಪರಿಸ್ಥಿತಿಯ ನಂತರ ರಾಯ್‌ಬರೇಲಿಯಲ್ಲಿ ಸೋತಿದ್ದ ಇಂದಿರಾ ಗಾಂಧಿಯವರಿಗಾಗಿ ಡಿ.ಬಿ. ಚಂದ್ರೇಗೌಡರು ಇಲ್ಲಿಯ ಲೋಕಸಭಾ ಸ್ಥಾನ ಬಿಟ್ಟುಕೊಟ್ಟರು. 1978ರ ನವೆಂಬರ್ ಉಪಚುನಾವಣೆಯಲ್ಲಿ ಇಂದಿರಾ ಅವರು ವೀರೇಂದ್ರ ಪಾಟೀಲರನ್ನು 70 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ಇದು ಕಾಂಗ್ರೆಸ್ಸಿನ ಊರು ಎಂದು ದೇಶವೇ ಬರೆದುಕೊಂಡಿತು. ಮುಂದೆ ಇದೇ ಊರು 2004ರಿಂದ 2018ರವರೆಗೆ ಸಾಲಾಗಿ ನಾಲ್ಕು ಸಲ ಬಿಜೆಪಿಯ ಸಿ.ಟಿ. ರವಿಯವರನ್ನು ವಿಧಾನಸಭೆಗೆ ಕಳುಹಿಸಿದಾಗ, ಇದು ಬಿಜೆಪಿಯ ಊರು ಎಂದು ಮತ್ತೆ ಬರೆದುಕೊಳ್ಳಲಾಯಿತು. 2023ರಲ್ಲಿ, ಅದುವರೆಗೆ ಬಿಜೆಪಿಯಲ್ಲೇ ಇದ್ದು ಚುನಾವಣೆಗೆ ಕೆಲವೇ ತಿಂಗಳ ಮುಂಚೆ ಕಾಂಗ್ರೆಸ್ ಸೇರಿದ ಎಚ್.ಡಿ. ತಮ್ಮಯ್ಯ ಸುಮಾರು 6 ಸಾವಿರ ಮತಗಳಿಂದ ಗೆದ್ದರು. ಮರುವರ್ಷವೇ ಈ ಊರನ್ನೊಳಗೊಂಡ ಉಡುಪಿ–ಚಿಕ್ಕಮಗಳೂರು ಲೋಕಸಭಾ ಕ್ಷೇತ್ರ ಬಿಜೆಪಿಯ ಕೋಟ ಶ್ರೀನಿವಾಸ ಪೂಜಾರಿಯವರನ್ನು ಆರಿಸಿತು. ಜನ ಚಂಚಲರಾದರು ಎನ್ನಬೇಕೇ? ನನಗೆ ಹಾಗನ್ನಿಸುವುದಿಲ್ಲ. ಊರಿಗೆ ಒಂದೊಂದು ಕಾಲದಲ್ಲಿ ಒಂದೊಂದು ಹಣೆಪಟ್ಟಿ ಅಂಟಿಸಿದಾಗಲೂ ಅದರ ಕೆಳಗೆ ಸಾವಿರಾರು ಮಂದಿ ತಮ್ಮಷ್ಟಕ್ಕೆ ತೂಗಿ ನೋಡುತ್ತಲೇ ಇದ್ದಿರಬೇಕು. ಅವರನ್ನು ಯಾರೂ ಕೇಳಿರಲಿಲ್ಲ, ಅಷ್ಟೇ.

ಓಟು ಹಾಕದವರ ಬಗ್ಗೆ ನಾವು ಮಾತಾಡುವಾಗ ಸಾಮಾನ್ಯವಾಗಿ ಬೆಂಗಳೂರಿನ ಕಡೆ ಬೆರಳು ತೋರಿಸುತ್ತೇವೆ. 2024ರ ಲೋಕಸಭಾ ಚುನಾವಣೆಯಲ್ಲಿ ಬೆಂಗಳೂರು ನಗರದ ಮೂರು ಕ್ಷೇತ್ರಗಳಲ್ಲಿ ಮತದಾನ ಶೇ 54ರ ಆಸುಪಾಸಿನಲ್ಲೇ ನಿಂತಿತು. ಉಡುಪಿ–ಚಿಕ್ಕಮಗಳೂರಿನಲ್ಲಿ ಅದು ಶೇ 77. ಹಿಂದಿನ ವರ್ಷ ವಿಧಾನಸಭೆಗೆ ಮತದಾನದ ದಿನವನ್ನು ಬೇಕೆಂದೇ ಬುಧವಾರಕ್ಕೆ ಇಟ್ಟಿದ್ದರು, ವಾರದ ಕೊನೆಗೆ ರಜೆ ಸೇರಿಸಿಕೊಂಡು ಜನ ಪ್ರವಾಸ ಹೊರಡದಿರಲಿ ಎಂದು. ಇದೆಲ್ಲ ಸರಿ. ಆದರೆ ಸಣ್ಣ ಊರಿನಲ್ಲಿ ಮನೆಯಲ್ಲೇ ಉಳಿಯುವ ಆ ಕಾಲುಭಾಗದ ಜನರದು ಬರೀ ಸೋಮಾರಿತನವೇ? ಊರು ಬಿಟ್ಟು ದುಡಿಯಲು ಹೋದವರು, ಕಾಯಿಲೆಯವರು, ಪಟ್ಟಿಯಲ್ಲಿ ಹೆಸರು ತಪ್ಪಿಹೋದವರು ಅವರಲ್ಲಿ ಇದ್ದೇ ಇರುತ್ತಾರೆ. ಅವರನ್ನು ಬಿಟ್ಟರೆ ಉಳಿದವರಲ್ಲಿ ಕೇಳಿಬರುವುದು ಎರಡೇ ಮಾತು. ‘ನಮ್ಮೋರು ಹೆಂಗೂ ಗೆಲ್ತಾರೆ’ ಎಂಬುದು ಒಂದು, ‘ಹಾಕಿದ್ರೂ ನಮ್ಮೋರು ಗೆಲ್ಲಲ್ಲ ಬಿಡಿ’ ಎಂಬುದು ಇನ್ನೊಂದು. ಒಬ್ಬರದು ನೆಮ್ಮದಿ, ಇನ್ನೊಬ್ಬರದು ಬೇಸರ. ಊರಿನ ಮನಸ್ಸು ತಮಗೆ ಪೂರ್ತಿ ಗೊತ್ತಿದೆ ಎಂಬ ನಂಬಿಕೆ ಮಾತ್ರ ಇಬ್ಬರದೂ ಒಂದೇ. ಇಂಥವರಿಗೆ 2004ರ ಸಂತೇಮರಹಳ್ಳಿಯ ಒಂದು ಮತದ ಗೆಲುವನ್ನು ನೆನಪಿಸುವುದು ವಾಡಿಕೆ. ಅಂಥ ಫಲಿತಾಂಶ ಬರುವುದು ತೀರ ಅಪರೂಪ, ಅದನ್ನು ತೋರಿಸಿ ಯಾರನ್ನೂ ಒಪ್ಪಿಸಲಾಗದು. ಹೋಗದೆ ಉಳಿದವನು ಊರು ತನ್ನ ಬಗ್ಗೆ ಕಟ್ಟಿದ ಅಂದಾಜನ್ನೇ ತನ್ನ ಉತ್ತರವೆಂದು ಒಪ್ಪಿಕೊಂಡುಬಿಡುತ್ತಾನೆ ಎಂಬುದೇ ನನಗೆ ಹೆಚ್ಚು ನೋವಿನ ಸಂಗತಿ.

ಆ ಅಂದಾಜು ಹೇಗೆ ತಯಾರಾಗುತ್ತದೆ ಎಂಬುದನ್ನು ಮತಗಟ್ಟೆಯಿಂದ 200 ಮೀಟರ್ ಆಚೆ, ಮರದ ನೆರಳಲ್ಲಿ ಹಾಕಿದ ಮೇಜಿನ ಬಳಿ ನಿಂತರೆ ಕಾಣಬಹುದು. ಪಕ್ಷದ ಹುಡುಗರು ಮತದಾರರ ಪಟ್ಟಿ ಹರಡಿಕೊಂಡು ಕುಳಿತಿರುತ್ತಾರೆ; ಹೆಸರುಗಳ ಪಕ್ಕ ಮೊದಲೇ ಪೆನ್ಸಿಲ್ ಗುರುತು ಬಿದ್ದಿರುತ್ತದೆ, ನಮ್ಮವರು, ಅವರವರು, ಡೌಟು. ಮಧ್ಯಾಹ್ನದ ಹೊತ್ತಿಗೆ ‘ನಮ್ಮವರ’ ಪೈಕಿ ಬಾರದಿದ್ದವರ ಮನೆಗೆ ಆಟೊ ಹೋಗುತ್ತದೆ. ‘ಅವರವರ’ ಮನೆಗೆ ಯಾರೂ ಹೋಗುವುದಿಲ್ಲ. ಆ ಹುಡುಗರ ಶ್ರದ್ಧೆ ದೊಡ್ಡದು, ಬೆಳಗಿನಿಂದ ಊಟವಿಲ್ಲದೆ ಕೂತಿರುತ್ತಾರೆ, ಅವರನ್ನು ಹಳಿಯುವ ಮನಸ್ಸು ನನಗಿಲ್ಲ. ಆದರೆ ಒಂದು ವೈರುಧ್ಯ ಗಮನಿಸಿ: ಪಟ್ಟಿಯಲ್ಲಿ ‘ಡೌಟು’ ಎನ್ನಿಸಿಕೊಂಡವರ ಮನೆಗೇ ಎಲ್ಲ ಪಕ್ಷದವರೂ ಬಂದು ಕೈಮುಗಿಯುತ್ತಾರೆ, ಅವರ ಮಾತನ್ನೇ ಕಿವಿಗೊಟ್ಟು ಕೇಳುತ್ತಾರೆ. ಒಲವು ಗಟ್ಟಿಯಾದಷ್ಟೂ ಮನುಷ್ಯ ಕೇಳಿಸದವನಾಗುತ್ತಾನೆಯೇ?

ಈ ಪಟ್ಟಿಯ ಇನ್ನೊಂದು ರೂಪ ನಮ್ಮ ಮನೆಗಳ ಒಳಗೇ ಇದೆ. ‘ನಮ್ಮನೇಲಿ ಐದು ಓಟಿದೆ’ ಎಂದು ಮನೆಯ ಯಜಮಾನ ಅಭ್ಯರ್ಥಿಗೆ ಹೇಳುವಾಗ ಉಳಿದ ನಾಲ್ವರು ಪಕ್ಕದಲ್ಲೇ ನಿಂತಿರುತ್ತಾರೆ. 2023ರಲ್ಲಿ ಕರ್ನಾಟಕದಲ್ಲಿ 80 ದಾಟಿದವರಿಗೆ, ಶೇ 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ ಮನೆಯಿಂದಲೇ ಮತ ಹಾಕುವ ಅವಕಾಶ ಬಂತು. ಮೊದಲೇ ಅರ್ಜಿ ಕೊಟ್ಟವರ ಮನೆಗೆ ಸಿಬ್ಬಂದಿ ಬರುತ್ತಾರೆ, ಮೇಜಿನ ಮೇಲೆ ರಟ್ಟಿನ ಮರೆ ನಿಲ್ಲಿಸುತ್ತಾರೆ, ಮನೆಯವರನ್ನು ದೂರ ಸರಿಯಲು ಹೇಳುತ್ತಾರೆ. ಎಷ್ಟೋ ವರ್ಷ ಮಗ ಹೇಳಿದ ಗುರುತಿಗೇ ಹಾಕುತ್ತಾಳೆ ಎಂದು ಎಲ್ಲರೂ ನಂಬಿದ್ದ ಅಜ್ಜಿ, ತನ್ನದೇ ನಡುಮನೆಯಲ್ಲಿ, ಮಗನಿಗೂ ಕಾಣದ ಹಾಗೆ ಮತಪತ್ರದ ಮೇಲೆ ಗುರುತು ಮಾಡುತ್ತಾಳೆ. ಸೌಕರ್ಯಕ್ಕಾಗಿ ಮಾಡಿದ ಏರ್ಪಾಡು ಇದು. ಆದರೆ ಆ ರಟ್ಟಿನ ತುಂಡು ಅವಳಿಗೆ ಕೊಡುವ ಮರ್ಯಾದೆಯನ್ನು ನಾವು ಮನೆಯವರು ಎಂದಾದರೂ ಕೊಟ್ಟಿದ್ದೇವೆಯೇ? ಯಾರಿಗೆ ಹಾಕಿದೆ ಎಂದು ಕೇಳುವುದು ಬೇಡ, ಅದು ಅವಳ ಸ್ವತ್ತು. ಪ್ರಚಾರದ ಗದ್ದಲ ಶುರುವಾಗುವ ಮುಂಚೆ ಒಂದು ಸಂಜೆ ಪಕ್ಕದಲ್ಲಿ ಕೂತು, ಈ ಊರಿನಲ್ಲಿ ಏನಾಗಬೇಕು ಅನ್ನಿಸುತ್ತದಮ್ಮ ಎಂದು ಕೇಳಿ ನೋಡಬಹುದು. ಮೂರು ದಿನಕ್ಕೊಮ್ಮೆ ಬರುವ ನಲ್ಲಿ ನೀರಿನ ವಿಷಯ ತೆಗೆಯಬಹುದು, ತಡವಾಗುವ ಪಿಂಚಣಿಯ ವಿಷಯ ತೆಗೆಯಬಹುದು, ಇಲ್ಲವೇ ಮೊಮ್ಮಗ ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೋಗದೆ ಇಲ್ಲೇ ಉಳಿಯುವಂತಿದ್ದರೆ ಎಂದು ಮಾತು ತೆಗೆಯಬಹುದು. ಪೆನ್ಸಿಲ್ ಗುರುತಿನ ಪಟ್ಟಿಯಲ್ಲಿ ಇವಕ್ಕೆ ಅಂಕಣವೇ ಇಲ್ಲ.