ಉಳಿದ ಶೂಲ, ಸಾಕಾದ ಕೃಪೆ

ದೇವರ ಕೃಪೆಯಿಲ್ಲದೆ ಮನುಷ್ಯನಿಗೆ ಒಳ್ಳೆಯದನ್ನು ಮಾಡಲು ಬಲವಿಲ್ಲ ಎಂಬುದನ್ನು ಕ್ರೈಸ್ತರು ಸಾಮಾನ್ಯವಾಗಿ ಒಪ್ಪುತ್ತಾರೆ. ಸಂಶಯ ಹುಟ್ಟುವುದು ಅದರ ಮುಂದಕ್ಕೆ. ಕೃಪೆ ಬಂದ ಮೇಲೂ ಬಲಹೀನತೆ ಉಳಿದಿದ್ದರೆ, ಬಂದದ್ದು ಕೃಪೆಯೇ?

ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 12ನೆಯ ಅಧ್ಯಾಯದಲ್ಲಿ ಪೌಲನು ತನ್ನ ಶರೀರದಲ್ಲಿ ನಾಟಿದ ಶೂಲದ ಮಾತೆತ್ತುತ್ತಾನೆ. ಅದು ಕಣ್ಣಿನ ಬೇನೆಯೋ, ಮೂರ್ಛೆರೋಗವೋ, ವಿರೋಧಿಗಳ ಕಾಟವೋ ಎಂದು ವ್ಯಾಖ್ಯಾನಕಾರರು ಚರ್ಚಿಸುತ್ತಲೇ ಬಂದಿದ್ದಾರೆ. ಆತ ಬಿಡಿಸಿ ಹೇಳದಿದ್ದದ್ದೇ ಒಳ್ಳೆಯದಾಯಿತು. ಯಾರ ನೋವಿಗಾದರೂ ಅಲ್ಲಿ ಜಾಗವಿದೆ. ಮೂರು ಸಲ ಬೇಡಿಕೊಂಡರೂ ಶೂಲ ಹೋಗಲಿಲ್ಲ. ಕೃಪೆಯೇ ಸಾಕೆಂಬ ಉತ್ತರ ಬಂತು. ದೇವರ ಬಲವು ಅವನ ಬಲಹೀನತೆಯನ್ನು ಹಾಗೇ ಇರಗೊಟ್ಟು ಅದರೊಳಗೇ ಕೆಲಸ ಮಾಡಿತು. ಇದರಿಂದ ನಾನು ತಲುಪುವ ಸಿದ್ಧಾಂತ ಇಷ್ಟು: ಬಲಹೀನತೆ ಪುಣ್ಯವಲ್ಲ, ಕೃಪೆಗೆ ತೆರುವ ಬೆಲೆಯೂ ಅಲ್ಲ. ಸ್ವಂತ ಬಲದ ಮೇಲಿನ ಭರವಸೆ ಅಲ್ಲಿ ಕಳಚುತ್ತದೆ, ದೇವರ ಮೇಲಿನ ಭರವಸೆ ಅಲ್ಲಿಂದ ಮೊದಲಾಗುತ್ತದೆ.

ಮೊದಲ ಪೂರ್ವಪಕ್ಷ ಪೆಲಾಜಿಯಸನದು. ಬ್ರಿಟನ್ನಿನಿಂದ ರೋಮಿಗೆ ಬಂದ ಈ ವಿರಕ್ತ ಅಲ್ಲಿಯ ಕ್ರೈಸ್ತರ ಸಡಿಲ ಬದುಕನ್ನು ಕಂಡು ನೊಂದವನು. ಅವನ ಕಳಕಳಿಯನ್ನು ಅನುಮಾನಿಸಬಾರದು. ಆಜ್ಞೆಯನ್ನು ಪಾಲಿಸುವ ಶಕ್ತಿಯನ್ನೂ ದೇವರೇ ಕೊಡಲಿ ಎಂದು ಅಗಸ್ಟೀನ್ ‘ಕನ್ಫೆಷನ್ಸ್’ನಲ್ಲಿ ಬೇಡಿದ್ದು ಅವನಿಗೆ ಸಹಿಸಲಾಗಲಿಲ್ಲ. ನಮ್ಮ ಕೈಲಾಗದ್ದನ್ನು ದೇವರು ಆಜ್ಞಾಪಿಸಿ, ಮಾಡದವನನ್ನು ದಂಡಿಸಿದರೆ ನ್ಯಾಯವೆಲ್ಲಿ ಉಳಿಯಿತು?

ಈ ಆಕ್ಷೇಪ ಹಗುರವಾದದ್ದಲ್ಲ. ಆದರೆ ‘ಕೈಲಾಗದು’ ಎನ್ನುವಾಗ ತಡೆಯುತ್ತಿರುವುದು ಯಾವುದು ಎಂದು ನೋಡಬೇಕು. 386ರಲ್ಲಿ ಮಿಲಾನಿನಲ್ಲಿದ್ದ ಅಗಸ್ಟೀನನಿಗೆ ಯಾರೂ ಅಡ್ಡ ಬಂದಿರಲಿಲ್ಲ. ಏನು ಮಾಡಬೇಕೆಂಬುದು ಗೊತ್ತಿತ್ತು, ಬಯಕೆಯೂ ಇತ್ತು, ಆದರೂ ಆಗಲಿಲ್ಲ. ಮನಸ್ಸು ಹೇಳಿದರೆ ಕೈ ಏಳುತ್ತದೆ, ಮನಸ್ಸು ತನಗೆ ತಾನೇ ಹೇಳಿಕೊಂಡರೆ ಏಳುವುದಿಲ್ಲ ಎಂಬುದು ಅವನನ್ನು ದಿಗ್ಭ್ರಮೆಗೊಳಿಸಿತು. ರೋಮಾಪುರದವರಿಗೆ ಬರೆದ ಪತ್ರದ 7ನೆಯ ಅಧ್ಯಾಯದ ಗೋಳೂ ಇದೇ. ನಮ್ಮನ್ನು ಕಟ್ಟಿಹಾಕಿದ್ದು ನಮ್ಮದೇ ಇಬ್ಬಗೆಯ ಮನಸ್ಸು; ಆದ್ದರಿಂದ ಹೊಣೆಯೂ ನಮ್ಮದೇ. ಅದನ್ನು ಬಿಚ್ಚುವ ಬಲ ಮಾತ್ರ ನಮ್ಮದಲ್ಲ. 418ರಲ್ಲಿ ಕಾರ್ಥೇಜಿನಲ್ಲಿ ಸೇರಿದ ಬಿಷಪರ ಸಭೆ ಪೆಲಾಜಿಯಸನ ಮತವನ್ನು ತಳ್ಳಿಹಾಕಿತು. ಅದರ ತೀರ್ಮಾನಗಳಲ್ಲಿ ನನಗೆ ಬಹಳ ಹಿಡಿಸಿದ್ದು ಒಂದಿದೆ: ಕರ್ತನ ಪ್ರಾರ್ಥನೆಯಲ್ಲಿ ಕ್ಷಮೆ ಬೇಡುವ ಭಾಗವನ್ನು ಸಂತರು ಹೇಳುವುದು ಬರಿಯ ವಿನಯಕ್ಕಲ್ಲ, ತಮಗೂ ಕ್ಷಮೆ ನಿಜವಾಗಿ ಬೇಕಾದದ್ದರಿಂದ.

ಹಾಗಾದರೆ ಪಾಪ ಮಾಡುತ್ತಲೇ ಇರೋಣ, ಕೃಪೆ ಹೆಚ್ಚಲಿ ಎಂಬುದು ಎರಡನೆಯ ಆಕ್ಷೇಪ. ಪೌಲನೇ ಇದನ್ನು ಎತ್ತಿ ತಳ್ಳಿಹಾಕಿದ್ದಾನೆ. ಕೃಪೆಯೆಂದರೆ ಕ್ಷಮೆಯಷ್ಟೇ ಆಗಿದ್ದರೆ ಈ ವಾದ ನಿಂತೀತು. ಬಯಕೆಯನ್ನೇ ಬದಲಿಸುವ ಕೃಪೆಯನ್ನು ಪಡೆದವನು ಹಳೆಯದನ್ನೇ ಬಯಸುತ್ತಾ ಕೂರಲಾರ.

ಮೂರನೆಯದು ಹೆಚ್ಚು ನೋಯಿಸುವಂಥದ್ದು. ಬಲಹೀನತೆಯನ್ನು ಹೀಗೆ ಹೊಗಳಿದರೆ ತುಳಿಯುವವರಿಗೆ ಅನುಕೂಲವಲ್ಲವೇ? ಹಸಿದವನಿಗೆ, ಹೊಡೆತ ತಿನ್ನುವ ಹೆಂಗಸಿಗೆ ‘ಕೃಪೆ ಸಾಕು, ತಾಳಿಕೋ’ ಎಂದು ಉಪದೇಶಿಸಿದವರು ಇದ್ದಾರೆ. ಅಂಥ ಉಪದೇಶ ಪೌಲನ ಮಾತಿನ ದುರುಪಯೋಗ ಎಂದೇ ನನ್ನ ನಿಲುವು. ಶೂಲ ತೊಲಗಲೆಂದು ಬೇಡಿದ್ದಕ್ಕೆ ಅವನಿಗೆ ಗದರಿಕೆ ಬರಲಿಲ್ಲ. ಯೆರೂಸಲೇಮಿನಲ್ಲಿ ಕೊರಡೆಯಿಂದ ಹೊಡೆಯಲು ಕಟ್ಟಿದಾಗ ತಾನು ರೋಮಿನ ಪ್ರಜೆಯೆಂದು ಹೇಳಿ ಹೊಡೆತ ತಪ್ಪಿಸಿಕೊಂಡ. ಕೈಸರೈಯದಲ್ಲಿ ಫೆಸ್ತನ ಮುಂದೆ ನಿಂತು ಚಕ್ರವರ್ತಿಗೇ ಮೇಲ್ಮನವಿ ಹೂಡಿದ. ಹೊಗಳಿಕೊಂಡದ್ದು ತನ್ನ ಬಲಹೀನತೆಯನ್ನು, ಇನ್ನೊಬ್ಬರದನ್ನಲ್ಲ. ಶೂಲದ ಮಾತು ಬರುವ ಅದೇ ಪತ್ರದ 8 ಮತ್ತು 9ನೆಯ ಅಧ್ಯಾಯಗಳಲ್ಲಿ ಯೆರೂಸಲೇಮಿನ ಬಡವರಿಗಾಗಿ ಕೊರಿಂಥದವರಿಂದ ಹಣ ಕೇಳುತ್ತಾನೆ. ಕೃಪೆ ಸಾಕೆಂದು ಆ ಬಡವರಿಗೆ ಬರೆದು ಸುಮ್ಮನಾಗಲಿಲ್ಲ.