ಜಕ್ಕೂರಿನ ಜೊಂಡು ಮತ್ತು ನಮ್ಮ ಸದುದ್ದೇಶ

ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸವೆಲ್ಲ ಒಳ್ಳೆಯ ಕೆಲಸವೇ? ನೀತಿಶಾಸ್ತ್ರದ ಈ ಹಳೆಯ ಪ್ರಶ್ನೆಗೆ ಉತ್ತರ ಹುಡುಕುವವರು ಒಮ್ಮೆ ಜಕ್ಕೂರು ಕೆರೆಗೆ ನೀರು ಒಳಬರುವ ಕಡೆ ಹೋಗಿ ನಿಲ್ಲಬಹುದು. ಸುಮಾರು 160 ಎಕರೆಯ ಈ ಕೆರೆಯ ಅಂಚಿನಲ್ಲಿ ಅಲ್ಲಿ ಆಳೆತ್ತರದ ಜೊಂಡು ಒತ್ತಾಗಿ ಬೆಳೆಯುತ್ತದೆ. 'ಇದನ್ನೆಲ್ಲ ಕಿತ್ತು ಸ್ವಚ್ಛಗೊಳಿಸಬಾರದೇ?' ಎಂದು ನೋಡಿದವರಿಗೆ ಅನ್ನಿಸುವುದು ಸಹಜ. ಹಾಗೆ ಅಂದುಕೊಳ್ಳುವವರು ಕೆರೆಯನ್ನು ಪ್ರೀತಿಸುವವರೇ. ಪರಿಸರ ವಿಜ್ಞಾನವು ಅದೇ ಜೊಂಡನ್ನು ಬೇರೆ ಕಣ್ಣಿನಿಂದ ಕಾಣುತ್ತದೆ.

ಸುತ್ತಲಿನ ಮನೆಗಳ ಕೊಳಚೆ ನೀರು ಕೆರೆಯ ಪಕ್ಕದ ಶುದ್ಧೀಕರಣ ಘಟಕಕ್ಕೆ ಬರುತ್ತದೆ. ದಿನಕ್ಕೆ 1 ಕೋಟಿ ಲೀಟರ್ ಸಾಮರ್ಥ್ಯದೊಂದಿಗೆ ಆರಂಭವಾದ ಈ ಘಟಕದಲ್ಲಿ ಸೂಕ್ಷ್ಮಜೀವಿಗಳು ಕಲ್ಮಷವನ್ನು ಬಹುಮಟ್ಟಿಗೆ ತಿಂದು ಮುಗಿಸುತ್ತವೆ. ಆದರೂ ನಮ್ಮ ಶೌಚಾಲಯ, ಬಚ್ಚಲು, ಸೋಪಿನ ಪುಡಿಗಳಿಂದ ಬಂದ ಸಾರಜನಕ, ರಂಜಕಗಳು ನೀರಿನಲ್ಲಿ ಉಳಿಯುತ್ತವೆ. ಹೊಲದಲ್ಲಾದರೆ ಇವು ಗೊಬ್ಬರ; ಕೆರೆಯಲ್ಲಿ ಪಾಚಿಗೆ ಔತಣ. ಪಾಚಿ ಮಿತಿಮೀರಿ ಬೆಳೆದು, ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ಬರಿದಾಗಿ, ಒಂದು ಮುಂಜಾವು ಮೀನುಗಳು ಸತ್ತು ತೇಲುತ್ತವೆ. ಜೊಂಡು ಆ ಎರಡು ಪೋಷಕಗಳನ್ನೂ ಹೀರಿಕೊಳ್ಳುತ್ತದೆ. ಅದರ ಬೇರಿನ ಬಳಿಯ ಸೂಕ್ಷ್ಮಜೀವಿಗಳು ಸಾರಜನಕದ ಒಂದು ಪಾಲನ್ನು ಗಾಳಿಗೆ ಮರಳಿಸುತ್ತವೆ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರು ಈ ವ್ಯವಸ್ಥೆಯನ್ನು ಅಭ್ಯಾಸ ಮಾಡಿದ್ದಾರೆ. ಇದರಲ್ಲಿ ಇನ್ನೊಂದು ಸೂಕ್ಷ್ಮವೂ ಇದೆ. ಜೊಂಡನ್ನು ಬುಡಸಹಿತ ಕೀಳಬಾರದು, ಹಾಗೆಂದು ಮುಟ್ಟದೆ ಬಿಡಲೂಬಾರದು. ಅದು ಅಲ್ಲೇ ಕೊಳೆತರೆ ಹೀರಿದ್ದರಲ್ಲಿ ಬಹುಪಾಲು ಮತ್ತೆ ನೀರಿಗೇ ಸೇರುತ್ತದೆ. ಕಾಲಕಾಲಕ್ಕೆ ಕೊಯ್ದು ಹೊರಸಾಗಿಸಬೇಕು. ಕೆರೆಯ ಮೇಲೆ ಎಷ್ಟೇ ಪ್ರೀತಿಯಿದ್ದರೂ ಕಲಿಯದೆ ಇದು ತಿಳಿಯುವುದಿಲ್ಲ.

ವಿವೇಕವೆಂಬ ಸದ್ಗುಣವನ್ನು ವಿವರಿಸುವಾಗ ಸಂತ ಥಾಮಸ್ ಅಕ್ವಿನಾಸರು, ವಿವೇಕಿಗೆ ಸಾಮಾನ್ಯ ತತ್ವಗಳ ಜೊತೆಗೆ ಎದುರಿಗಿರುವ ನಿರ್ದಿಷ್ಟ ಸಂಗತಿಗಳ ಅರಿವೂ ಬೇಕೆನ್ನುತ್ತಾರೆ. ಸೃಷ್ಟಿಯನ್ನು ಕಾಪಾಡಬೇಕು ಎಂಬುದು ತತ್ವ. ಯಾವ ಗಿಡ, ಎಷ್ಟು ನೀರು, ಎಂದು ಕೊಯ್ಲು ಎಂಬುದು ಸಂಗತಿ. ಮೊದಲನೆಯದನ್ನು ದೇವಾಲಯಗಳಲ್ಲಿ ಧಾರಾಳವಾಗಿ ಬೋಧಿಸುತ್ತಾರೆ (ವರ್ಷಕ್ಕೊಮ್ಮೆ ಸಸಿ ನೆಟ್ಟು ಫೋಟೋ ತೆಗೆಸುವುದೂ ಉಂಟು). ಎರಡನೆಯದಕ್ಕೆ ವಿಜ್ಞಾನಿಯ ಮುಂದೆ ಶಿಷ್ಯರಾಗಿಯೇ ಕೂರಬೇಕು.

ಅರಿವು ಬಂದ ಮೇಲೆ ಹೊಣೆಯೂ ಹಿಗ್ಗುತ್ತದೆ. ಹೆಬ್ಬಾಳ–ನಾಗವಾರ ಕಣಿವೆಯ ಕೊಳಚೆ ನೀರನ್ನು ಎರಡು ಹಂತಗಳಲ್ಲಿ ಶುದ್ಧೀಕರಿಸಿ, ಕೊಳವೆಗಳ ಮೂಲಕ ಚಿಕ್ಕಬಳ್ಳಾಪುರದ ಕಡೆಯ ಕೆರೆಗಳಿಗೆ ಹರಿಸಲಾಗುತ್ತಿದೆ. ದಿನಕ್ಕೆ 21 ಕೋಟಿ ಲೀಟರ್, 65 ಕೆರೆ ಎಂಬುದು ಯೋಜನೆಯ ಲೆಕ್ಕ. ಬರ ಕಂಡ ಆ ಸೀಮೆಗೆ ಇದು ಸಣ್ಣ ಉಪಕಾರವಲ್ಲ. ಆದರೆ ಕೆರೆಯ ತಳದಲ್ಲಿ ಇಂಗಿದ ನೀರು ಕೊಳವೆಬಾವಿಗೆ, ಅಲ್ಲಿಂದ ಬಿಂದಿಗೆಗೆ ಬರಬಲ್ಲದೆಂದೂ ಅದೇ ವಿಜ್ಞಾನ ಹೇಳುತ್ತದೆ. ಮೂರನೆಯ ಹಂತದ ಶುದ್ಧೀಕರಣವೂ ಆಗಲೇಬೇಕೆಂದು ಅಲ್ಲಿನ ರೈತ ಹೋರಾಟಗಾರರು ಒತ್ತಾಯಿಸುತ್ತ ಬಂದಿರುವುದು ಇದಕ್ಕಾಗಿಯೇ. ಆರ್.ಟಿ. ನಗರದ ಬಚ್ಚಲಿಗೂ ಆ ಬಿಂದಿಗೆಗೂ ನಂಟುಂಟೆಂದು ತಿಳಿಯದಿದ್ದಾಗ ನಾವು ನಿರ್ದೋಷಿಗಳಾಗಿದ್ದಿರಬಹುದು. ತಿಳಿದ ಮೇಲೆ ಆ ಅನುಕೂಲವಿಲ್ಲ.

ನೀರಿನಲ್ಲಿ ಏನು ಉಳಿದಿದೆಯೆಂಬುದನ್ನು ಪ್ರಯೋಗಾಲಯ ಅಳೆದು ಹೇಳುತ್ತದೆ. ಅದನ್ನು ತೆಗೆಯುವ ಖರ್ಚನ್ನು ಕೊಳೆ ಮಾಡಿದವರು ಕೊಡಬೇಕೋ, ಕುಡಿಯುವವರು ಕೊಡಬೇಕೋ ಎಂದು ಅದು ಹೇಳಲಾರದು. ತಿಂಗಳ ನೀರಿನ ಬಿಲ್ಲಿಗೆ ಅದಕ್ಕೆಂದು ಇನ್ನಷ್ಟು ಹಣ ಸೇರಿದರೆ ಗೊಣಗದೆ ಕಟ್ಟುವೆವೇ ಎಂದು ಈ ಭಾನುವಾರ ಪೂಜೆ ಮುಗಿಸಿ ಬಂದ ಮೇಲೆ ಮನೆಮಂದಿ ಕುಳಿತು ಮಾತನಾಡಿಕೊಳ್ಳಬಹುದು.