ದೊಡ್ಡ ಮೀನಿನ ಪರವಾಗಿ

ನಮ್ಮ ನೀತಿಗ್ರಂಥಗಳಲ್ಲಿ ದೊಡ್ಡ ಮೀನಿಗೆ ಒಳ್ಳೆಯ ಹೆಸರಿಲ್ಲ. ಆಳುವವರಿಲ್ಲದ ನಾಡಿನಲ್ಲಿ ಬಲ್ಲಿದ ಬಡವನನ್ನು ನುಂಗುವುದನ್ನು ಕೌಟಿಲ್ಯ ‘ಮಾತ್ಸ್ಯನ್ಯಾಯ’ ಎಂದೇ ಕರೆದ. ಶತಪಥ ಬ್ರಾಹ್ಮಣದ ಕತೆಯಲ್ಲಿ ಮನುವಿನ ಕೈಗೆ ಸಿಕ್ಕ ಪುಟ್ಟ ಮೀನು ಬೇಡುವುದೂ ದೊಡ್ಡ ಮೀನುಗಳಿಂದ ರಕ್ಷಣೆಯನ್ನೇ. ಸಣ್ಣದರ ಪರ ನಿಲ್ಲುವುದೇ ಧರ್ಮ ಎಂದು ಕಲಿತಿದ್ದೇವೆ. ಮನುಷ್ಯರ ನಡುವೆ ಅದು ಸರಿ. ಕೆರೆಯೊಳಗೂ ಸರಿಯೇ?

ಬಿಟಿಎಂ ಲೇಔಟಿನ ಮಡಿವಾಳ ಕೆರೆಯ ದಂಡೆಯಲ್ಲಿ ನಡೆಯುವಾಗ ಈ ಪ್ರಶ್ನೆ ನನ್ನನ್ನು ಕಾಡುತ್ತದೆ. ಇಲ್ಲಿಗೆ ಬರುವ ಹೆಜ್ಜಾರ್ಲೆ ಒಂದೇ ಬಾರಿಗೆ ಚೀಲದ ತುಂಬ ಮೀನು ಮೊಗೆದರೆ ನಾವು ಕ್ಯಾಮೆರಾ ಎತ್ತುತ್ತೇವೆ. ಅದೇ ಕೆಲಸವನ್ನು ನೀರಿನೊಳಗೆ ಮಾಡುವ ಕೊರವ ಮೀನನ್ನೂ ಬಾಳೆ ಮೀನನ್ನೂ ಮೀನು ಸಾಕಣೆಯ ಪಾಠಗಳು ಪೀಡೆಯ ಪಟ್ಟಿಗೆ ಸೇರಿಸುತ್ತವೆ. ಕಾಟ್ಲಾ, ರೋಹು ಮರಿಗಳನ್ನು ಬಿಡುವ ಮುನ್ನ ಕೊಳಕ್ಕೆ ಹಿಪ್ಪೆ ಹಿಂಡಿ ಹಾಕಿ ಇವನ್ನು ಕೊಲ್ಲುವುದು ರೂಢಿ. ಇದು ಸಣ್ಣ ಮೀನಿನ ಮೇಲಿನ ಕರುಣೆಯಲ್ಲ. ಆ ಮರಿಗಳನ್ನು ಬೆಳೆಸಿ ತಿನ್ನುವವರು ನಾವೇ. ಕರುಣೆಯ ಮಾತಾಡುವಾಗ ಈ ಲೆಕ್ಕವನ್ನು ಮರೆಮಾಚಬಾರದು.

ಬೇಟೆಗಾರ ಮೀನು ಇಲ್ಲವಾದರೆ ಜಿಲೇಬಿಯಂಥ ಮೀನುಗಳು ಮಿತಿಯಿಲ್ಲದೆ ಹೆಚ್ಚಬಹುದು. ಪಾಚಿ ಮೇಯುವ ಸೂಕ್ಷ್ಮಪ್ರಾಣಿಗಳು ಅವಕ್ಕೆ ಆಹಾರವಾದರೆ ಪಾಚಿ ದಟ್ಟವಾಗುತ್ತದೆ. ರಾತ್ರಿಯೆಲ್ಲ ಪಾಚಿಯೂ ಉಸಿರಾಡುವುದರಿಂದ ನಸುಕಿನ ಹೊತ್ತಿಗೆ ನೀರಿನ ಆಮ್ಲಜನಕ ಕುಸಿಯುತ್ತದೆ. ಒಂದೊಂದು ಮೀನನ್ನೂ ಉಳಿಸಹೊರಟ ದಯೆ ಕೊನೆಗೆ ಇಡೀ ಹಿಂಡನ್ನು ಕೊಲ್ಲಬಹುದು.

ಹಾಗೆಂದು ಕೊರವ ಮರಿಗಳನ್ನು ತಂದು ಸುರಿದರೆ ಕೆರೆ ತಿಳಿಯಾಗದು. ಬೇಸಿಗೆಯಲ್ಲಿ ಇಳಿದು ಮಳೆಗೆ ತುಂಬುತ್ತಿದ್ದ ನಮ್ಮ ಕೆರೆಗಳಿಗೆ ಈಗ ವರ್ಷವಿಡೀ ಕೊಳಚೆ ಬರುತ್ತದೆ. ಕೊಳಚೆಯ ಪೋಷಕಾಂಶಗಳ ಮುಂದೆ ಮೀನಿನ ಹಲ್ಲು ಏನೂ ಅಲ್ಲ. 2016ರ ಮಾರ್ಚಿನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ತೇಲಿದ್ದನ್ನು ನಗರ ನೋಡಿದೆ. ಇಂಥ ನೀರಿನಲ್ಲಿ ಮೇಲೆ ಬಂದು ಗಾಳಿ ಕುಡಿಯಬಲ್ಲ ಮೀನುಗಳಿಗೆ ಉಳಿಯುವ ಅವಕಾಶ ಹೆಚ್ಚು. ಕೊರವ ಅಂಥದ್ದು, 2000ದಲ್ಲಿ ದೇಶದಲ್ಲಿ ನಿಷೇಧಕ್ಕೊಳಗಾದ ಆಫ್ರಿಕನ್ ಕ್ಯಾಟ್‌ಫಿಶ್ ಕೂಡ.

ಎರಡೂ ಬೇಟೆಗಾರರೇ. ಹಾಗಾದರೆ ಒಂದು ಬೇಕು, ಇನ್ನೊಂದು ಬೇಡ ಎನ್ನಲು ಆಧಾರವೇನು? ಕೊರವವೂ ಅದರ ಆಹಾರವಾದ ಮೀನುಗಳೂ ಇಲ್ಲಿನ ನೀರಿನಲ್ಲಿ ಬಹುಕಾಲ ಒಟ್ಟಿಗೆ ಬಾಳಿವೆ. ಕ್ಯಾಟ್‌ಫಿಶ್ಶನ್ನು ಲಾಭಕ್ಕಾಗಿ ತಂದವರು ಮನುಷ್ಯರು. ಅದನ್ನು ತೆಗೆಯಬೇಕಾದೀತು, ಆದರೆ ದ್ವೇಷವಿಲ್ಲದೆ, ಪಾಪ ಮೀನಿನದಲ್ಲ.

ನನಗನ್ನಿಸುವಂತೆ, ಬೇಟೆಗಾರ ಮೀನಿಗೆ ನಾವು ಸಲ್ಲಿಸಬೇಕಾದ್ದು ಮರಿಗಳನ್ನಲ್ಲ, ಜಾಗವನ್ನು. ಕೊರವ ಮಳೆಗಾಲದಲ್ಲಿ ದಂಡೆಯ ಜೊಂಡಿನ ನಡುವೆ, ಮೊಣಕಾಲುದ್ದದ ನೀರಿನಲ್ಲಿ ಮೊಟ್ಟೆಯಿಡುತ್ತದೆ. ಕೆಂಪು ಮರಿಗಳ ಗುಂಪನ್ನು ತಂದೆತಾಯಿ ಕಾಯುತ್ತವೆ. ಕಾವಲಿನ ಮೀನಿಗೆ ಗಾಳ ಬಿದ್ದರೆ ಮರಿಗಳೂ ಉಳಿಯವು. ಅಭಿವೃದ್ಧಿಯ ಹೆಸರಿನಲ್ಲಿ ಹೂಳೆತ್ತಿ, ಸುತ್ತ ಕಲ್ಲು ಕಟ್ಟಿ, ಕೆರೆಯನ್ನು ಬಟ್ಟಲಾಗಿಸಿದಾಗ ಮೊದಲು ಹೋಗುವುದೂ ಆ ದಂಡೆಯೇ.

ಮಾತ್ಸ್ಯನ್ಯಾಯಕ್ಕೂ ಒಂದು ಮಿತಿಯಿದೆ: ಹೊಟ್ಟೆ ತುಂಬಿದ ಮೀನು ನಿಲ್ಲುತ್ತದೆ. ಕೊಳಚೆ ಕಾಲುವೆಗೂ ಬಲೆಗೂ ಕಲ್ಲುಕಟ್ಟೆಗೂ ಆ ಮಿತಿ ಹೊರಗಿನಿಂದಲೇ ಬರಬೇಕು. ಅದನ್ನು ಹಾಕಬೇಕಾದವರು ನಾವು.